ಇಡೀ ಕುಂಬಳಕಾಯಿ

ಚಿನ್ನದ ಬಣ್ಣ ಬಳಿಯುತ್ತಿದ್ದ ಬ್ರಷ್ಷನ್ನು ಅಲ್ಲೇ ಬಿಸಾಡಿ ಸುಕೇಶ ಓಡಿಬಂದ. ವಾರಿಜಕ್ಕ ಇಡೀ ಕುಂಬಳಕಾಯಿಗೆ ತಾನೇ ಚೂರಿ ಹಾಕಲು ಹೊರಟಿದ್ದಳು. ದುಬೈಯ ರಾಸ್ ಅಲ್ ಖೋರಿನ ಆ ವರ್ಕ್‌ಶಾಪಿನಲ್ಲಿ ಹೋಟೆಲುಗಳ ಶರತ್ಕಾಲದ ಅಲಂಕಾರಕ್ಕೆ ಕುಂಬಳಕಾಯಿ ಕೊರೆಯುವುದು ಅವಳ ಕೆಲಸವಾದರೂ ಮೊದಲ ಚೂರಿ ಯಾವತ್ತೂ ಅವನದೇ. ಗಂಡುಮಗನನ್ನು ಹೆತ್ತವಳು ಇಡೀ ಕಾಯಿ ಒಡೆದರೆ ಮಗನಿಗೆ ಕೇಡೆಂದು ಅವಳು ನಂಬಿದ್ದಳು.

“ಇಲ್ಲಿ ಕೊಡಿ ಅಕ್ಕಾ. ಆ ಸೂಪರ್‌ವೈಸರ್ ಯಲ್ಲಾ ಯಲ್ಲಾ, ಬೇಗ ಬೇಗ ಅಂತ ಬೊಬ್ಬೆ ಹೊಡೀಲಿ ಬಿಡಿ. ನಾಳೆ ನಿಮ್ಮ ಪ್ರೀತಮನಿಗೆ ಏನಾದ್ರೂ ಆದ್ರೆ ಆ ಮನುಷ್ಯ ಬರ್ತಾನಾ?”

ಅವಳು ಚೂರಿ ಬಿಡಲಿಲ್ಲ. “ಪ್ರೀತಮ್ ತೀರಿಹೋದ ಅಂತ ಬೆಳಿಗ್ಗೆ ಊರಿಂದ ಫೋನ್ ಬಂತು ಮಾರಾಯ. ಈ ಆರ್ಡರ್ ಮುಗಿಸಿದ್ರೆ ಊರಿಗೆ ಹೋಗ್ಲಿಕ್ಕೆ ಪಾಸ್‌ಪೋರ್ಟ್ ವಾಪಸ್ ಕೊಡ್ತಾರಂತೆ. ಬಿಡು, ಇನ್ನು ನಾನೇ ಕೊಯ್ತೇನೆ.”