ಹುಲ್ಲು ತುಂಬಿದ ಟಯರು

ಕಣ್ಣಿನೊಡನೆ ರೆಪ್ಪೆಯನ್ನೂ ಕೊಟ್ಟ ಪರಮಾತ್ಮನಿಗೆ ವಂದನೆ. ಕಂಡದ್ದನ್ನೆಲ್ಲ ಕಂಡಂತೆಯೇ ನಂಬದಿರುವ ವಿವೇಕವನ್ನು ಅವನು ನಮಗೆ ಅನುಗ್ರಹಿಸಲಿ.

ಹಿಂದಿನ ಟಯರಿನೊಳಗೆ ಟ್ಯೂಬ್ ಇರಲಿಲ್ಲ, ಹುಲ್ಲಿತ್ತು. ಒಣಹುಲ್ಲನ್ನು ಹುರಿಮಾಡಿ, ಎಲ್ಲಿಯೂ ಉಬ್ಬುತಗ್ಗಿಲ್ಲದಂತೆ, ಕಲ್ಲಿನಷ್ಟು ಬಿಗಿಯಾಗಿ ತುಂಬಲಾಗಿತ್ತು. ಸೈಕಲ್ ರಿಪೇರಿಯವನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಪಳಗಿದ ಕೈಯ ಕೆಲಸ. ಸೈಕಲ್ಲು ಅವನ ಹೆಂಡತಿಯದು, ಕೈ ಯಾರದೋ.

“ಯಾರು ತುಂಬಿದ್ದು?”

“ಕಾಡಲ್ಲಿ ಪಂಕ್ಚರ್ ಆಯ್ತು. ಜೊತೆಗಿದ್ದೋರು ತುಂಬಿಕೊಟ್ರು.”

“ಹೆಸರಿಲ್ವಾ ಅವರಿಗೆ?”

“ಹೇಳಿದ್ರೂ ನೀವು ನಂಬಲ್ಲ ಬಿಡಿ,” ಎಂದು ನಕ್ಕು ಅವಳು ಒಳಗೆ ಹೋದಳು.

ಟ್ಯೂಬು ಸಿಗದ ಯುದ್ಧಕಾಲದಲ್ಲಿ ಗುಪ್ತಪತ್ರ ಒಯ್ಯುವ ದೂತರು ಹೀಗೆ ಹುಲ್ಲು ತುಂಬಿ ಸೈಕಲ್ ಓಡಿಸುತ್ತಿದ್ದರೆಂದು ಅವನಿಗೆ ತಿಳಿಸಿದವರು ತಂದೆ. ವರ್ಣಿಸಿದ್ದರೇ ಹೊರತು ಒಮ್ಮೆಯೂ ಮಾಡಿ ತೋರಿಸಿರಲಿಲ್ಲ. ಕಾಡಿನ ದಾರಿಯಲ್ಲಿ ಒಂದು ಸ್ಮಾರಕಶಿಲೆಯಿದೆ. ಅದರ ಮೇಲೆ ‘ಮಿಂಚು’ ಎಂಬ ಗುಪ್ತನಾಮ, ಕೆಳಗೆ ‘ನಲವತ್ತೊಂದು ಸಲ’ ಎಂಬ ಬರಹ, ಬೇರೇನೂ ಇಲ್ಲ. ಶತ್ರುಗಳ ಕಾವಲಿನ ನಡುವೆ ಅಷ್ಟು ಸಲ ಪತ್ರ ಸಾಗಿಸಿದ ದೂತ ತನ್ನ ತಂದೆಯೇ ಎಂದು ಊರಿನವರಂತೆ ಅವನೂ ನಂಬಿದ್ದ. ಯಾರಾದರೂ ಕೇಳಿದರೆ ತಂದೆ ಹೌದೆನ್ನದೆ, ಅಲ್ಲವೆನ್ನದೆ, ಮೀಸೆ ಸವರುತ್ತಿದ್ದರು. ಆಗ ತುಳಿದದ್ದೇ ಈ ಜನ್ಮಕ್ಕೆ ಸಾಕೆಂದು ಮತ್ತೆಂದೂ ಸೈಕಲ್ ಹತ್ತಿದವರಲ್ಲ. ಅವರು ತೀರಿಹೋಗಿ ಮೂರು ವರ್ಷ. ಅಂಗಡಿಯ ಗೋಡೆಯ ಮೇಲಿನ ಫೋಟೋದಲ್ಲಿ ಅವರ ಮೀಸೆ ಇನ್ನೂ ಮಿರುಗುತ್ತಿತ್ತು.

ಹಾಗಾದರೆ ಈ ವಿದ್ಯೆ ಬಲ್ಲ ಇನ್ನೊಬ್ಬ ಯಾರು?

ಆಗ ಮತ್ತೊಂದು ನೆನಪಾಯಿತು. ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಮೂರು ತಿಂಗಳ ಹಿಂದೆ ಅಲ್ಲಿಯ ಹಳೆಯ ಸೈಕಲ್ಲೊಂದನ್ನು ತಂದು, ಸೀಟು ನಾಲ್ಕು ಬೆರಳು ಇಳಿಸಿಕೊಡಿ ಎಂದಿದ್ದಳು. ಯಾರಿಗೆಂದು ಕೇಳಿದ್ದಕ್ಕೆ, “ಕುಳ್ಳಗಿರೋರೊಬ್ಬರಿಗೆ” ಎಂಬ ಉತ್ತರ. ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು, ಬೆವರು ಸುರಿಸಿ, ತನ್ನ ಎದುರಾಳಿಯ ಸೀಟನ್ನು ತಾನೇ ಸರಿಪಡಿಸಿಕೊಟ್ಟಿದ್ದ. ಆರಡಿಯ ಗಂಡನನ್ನು ಬಿಟ್ಟು ಒಬ್ಬ ಕುಳ್ಳನ ಹಿಂದೆ! ಅವನಿಗೆ ಊಟ ರುಚಿಸಲಿಲ್ಲ.

ಶನಿವಾರ ಸಂಜೆ ತಾಯಿಯ ಬಳಿ ಹೋಗಿ ಕುಳಿತ. ಎಪ್ಪತ್ತು ದಾಟಿದ ತಾಯಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಅಮ್ಮ, ನಿನ್ನ ಸೊಸೆ ಪ್ರತಿ ಭಾನುವಾರ ಕಾಡಿಗೆ ಯಾರ ಜೊತೆ ಹೋಗ್ತಾಳೆ?”

“ಒಳ್ಳೇ ಜೊತೇನೇ ಇದೆ. ನೀನು ತಲೆ ಕೆಡಿಸ್ಕೋಬೇಡ.”

“ಗೊತ್ತಿದ್ದೂ ಸುಮ್ಮನಿದ್ದೀಯಾ?”

“ನಿಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು ಕಣೋ,” ಎಂದು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಇದಕ್ಕೆ ಎಣ್ಣೆ ತಿಕ್ಕಿದ್ರೂ ಹೋಗಲ್ಲ.”

ಮರುದಿನ ಬೆಳಿಗ್ಗೆ ಹೆಂಡತಿ ಹೊರಟುಹೋದ ಮೇಲೆ ಅವನು ಅವಳ ಸೀರೆ, ಪುಸ್ತಕ, ಬಾಚಣಿಗೆಗಳನ್ನು ಒಂದು ಪೆಟ್ಟಿಗೆಗೆ ತುಂಬಿದ. ಸದ್ದಾಗದಂತೆ ತುಂಬಿದ, ತಾಯಿಯ ಕೋಣೆಯ ಬಾಗಿಲು ಮುಚ್ಚಿತ್ತು. ಭಾನುವಾರ ತಾವು ಪ್ರಾರ್ಥನೆಗೆ ಕುಳಿತರೆ ಮಧ್ಯಾಹ್ನದವರೆಗೆ ಕರೆಯಕೂಡದೆಂದು ಅವರು ಇತ್ತೀಚೆಗೆ ನಿಯಮ ಮಾಡಿದ್ದರು. ಪೆಟ್ಟಿಗೆಯನ್ನು ಹೊಸ್ತಿಲಿನ ಹೊರಗಿಟ್ಟ. ಇಂದು ಆ ಗಂಡಸು ಕಣ್ಣಿಗೆ ಬಿದ್ದರೆ ಹೆಂಡತಿ ಆ ಹೊಸ್ತಿಲು ದಾಟುವಂತಿಲ್ಲ. ಹಾಗೆಂದು ನಿಶ್ಚಯಿಸಿ ಸೈಕಲ್ ಹತ್ತಿದ.

ಕಾಡಿನ ತೇವದ ಮಣ್ಣಿನಲ್ಲಿ ಎರಡು ಸೈಕಲ್ಲುಗಳ ಗುರುತು ಜೊತೆಜೊತೆಯಾಗಿ ಸಾಗಿತ್ತು. ಬಾಂಬು ಬಿದ್ದು ಆದ ಗುಂಡಿಗಳು ಈಗ ಕೊಳಗಳಾಗಿದ್ದವು. ಹಳೆಯ ಕಂದಕಗಳಲ್ಲಿ ಜರೀಗಿಡ ಬೆಳೆದಿತ್ತು. ಮಳೆ ಬಂದಾಗಲೆಲ್ಲ ಆ ಮಣ್ಣು ಯುದ್ಧದ ಕಬ್ಬಿಣದ ಚೂರುಗಳನ್ನು ಮೇಲಕ್ಕೆ ತಳ್ಳುತ್ತದೆ. ಅಲ್ಲಿ ಪಂಕ್ಚರಾಗದ ಟಯರಿಲ್ಲ. ಏರಿನಲ್ಲಿ ಹೆಂಡತಿಯ ಚಕ್ರ ಅತ್ತಿತ್ತ ಓಲಾಡಿತ್ತು. ಮತ್ತೊಂದರ ಗುರುತು ದಾರ ಹಿಡಿದು ಎಳೆದಂತೆ ನೇರ. ಅದನ್ನು ನೋಡನೋಡುತ್ತ ಅವನ ಹೊಟ್ಟೆ ಉರಿಯಿತು. ತಾನೋ, ಏದುಸಿರು ಬಿಡುತ್ತ ಸೈಕಲ್ ಇಳಿದು ತಳ್ಳಬೇಕಾಯಿತು.

ಸ್ಮಾರಕಶಿಲೆಯ ಬಳಿ ಅವರು ಸಿಕ್ಕರು. ನಾಲ್ಕು ಬೆರಳು ಇಳಿದ ಸೀಟಿನ ಸೈಕಲ್ಲು ಶಿಲೆಗೆ ಒರಗಿತ್ತು. ಗಿಡ್ಡ ಆಕೃತಿಯೊಂದು ಮಳೆಯಂಗಿ, ಟೋಪಿ ಧರಿಸಿ, ಈ ಕಡೆಗೆ ಬೆನ್ನು ಮಾಡಿ ಕುಳಿತು ಟಯರಿಗೆ ಹುಲ್ಲು ತುರುಕುತ್ತಿತ್ತು. ಹೆಂಡತಿ ಎದುರಿಗೆ ಕೂತು, ಗುರುವಿನ ಮುಂದಿನ ಶಿಷ್ಯೆಯಂತೆ, ಕಣ್ಣು ಕೀಳದೆ ಆ ಕೈಗಳನ್ನೇ ನೋಡುತ್ತಿದ್ದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಗಂಡನ ಕೈಗಳನ್ನು ಒಮ್ಮೆಯೂ ಹಾಗೆ ನೋಡಿರಲಿಲ್ಲ.

“ಏಳಯ್ಯಾ ಮೇಲೆ,” ಎಂದ.

ಆಕೃತಿ ತಿರುಗಲೂ ಇಲ್ಲ. “ಬಂದ್ಯಾ? ಸುಮ್ನೆ ನಿಲ್ಬೇಡ, ಟಯರ್ ಹಿಡ್ಕೋ ಮಗಾ. ಹಸಿ ಹುಲ್ಲು ಜಾರುತ್ತೆ, ಒಣಗಿದ್ದೇ ಬೇಕು. ನಲವತ್ತೊಂದು ಸಲ ತುಂಬಿದೀನಿ, ನನಗೆ ಗೊತ್ತು.”

ಅವನು ಮಂಡಿಯೂರಿ ಟಯರು ಹಿಡಿದ. ಹೊಸ್ತಿಲಾಚೆ ಇಟ್ಟ ಪೆಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು. ಹೆಂಡತಿಯ ಮುಖ ನೋಡಲಾಗಲಿಲ್ಲ.

“ಮತ್ತೆ... ಅಪ್ಪ?” ಎಂದ.

ತಾಯಿ ಟೋಪಿ ತೆಗೆದು ಬಿಳಿಗೂದಲನ್ನು ಹಿಂದಕ್ಕೆ ಸರಿಸಿಕೊಂಡರು.

“ಪಾಪ, ಅವರಿಗೆ ಸೈಕಲ್ ತುಳಿಯೋಕೇ ಬರ್ತಿರಲಿಲ್ಲ ಕಣೋ.”

ಈ ಕಥೆಯನ್ನು ಕೇಳಿದವರ ಮನೆಗಳಲ್ಲಿ, ಹೊರಗೆ ಹೋದವರು ಹಿಂದಿರುಗುವ ತನಕ ಬಾಗಿಲು ತೆರೆದೇ ಇರಲಿ; ಸರ್ವರಿಗೂ ಮಂಗಳವಾಗಲಿ.