ಹೊಸದು ಅಣ್ಣನಿಗೆ, ಹಳೆಯದು ತಮ್ಮನಿಗೆ

"ಮನೇಲಿ ಇದನ್ನ ಹತ್ತೋರು ಯಾರೂ ಇಲ್ಲ. ನೀನೇ ಇಟ್ಕೋ," ಎಂದು ಅತ್ತಿಗೆ ಸೈಕಲ್ಲನ್ನು ಅಂಗಡಿಯ ಬಾಗಿಲಿಗೆ ಒರಗಿಸಿದರು. ಪಂಕ್ಚರ್ ಹಾಕುತ್ತಿದ್ದ ರಿಪೇರಿಯವನ ಕೈ ಅಲ್ಲೇ ನಿಂತಿತು. ಅಣ್ಣ ತೀರಿಕೊಂಡು ತಿಂಗಳಾಗಿತ್ತು. ಅವತ್ತೂ ಇವನು ಅಣ್ಣನ ಮನೆಯ ಗೇಟಿನ ಹೊರಗೆ ನಿಂತು, ಮುಖ ನೋಡದೆ ವಾಪಸು ಬಂದಿದ್ದ.

ಅಪ್ಪ ಬಿಟ್ಟುಹೋದದ್ದು ಎರಡೇ ಸೈಕಲ್ಲು. ಎರಡೂ ಕಪ್ಪು, ಎರಡೂ ಎತ್ತರ, ಆದರೆ ವಯಸ್ಸಿನಲ್ಲಿ ಇಪ್ಪತ್ತು ವರ್ಷದ ಅಂತರ. ಅಣ್ಣ ಒಂದು ಮಾತೂ ಕೇಳದೆ ಹೊಸದನ್ನು ತಾನಿಟ್ಟುಕೊಂಡು, ಬಣ್ಣ ಹೋದ ಹಳೆಯದನ್ನು ಇವನತ್ತ ತಳ್ಳಿದ. "ಚಿಕ್ಕವನು ಅಂತ ಹಳೇದನ್ನ ನನ್ನ ತಲೆಗೆ ಕಟ್ಟಿದೆಯಾ?" ಅಂದವನು ಆಮೇಲೆ ಮೂವತ್ತು ವರ್ಷ ಅಣ್ಣನೆದುರು ತುಟಿ ಬಿಚ್ಚಲಿಲ್ಲ. ಹಠ ಅಂದರೆ ಹಠ. ಎರಡು ಮನೆಗಳ ನಡುವೆ ಇದ್ದದ್ದು ಎರಡೇ ಬೀದಿ.

ಗಿರಾಕಿಗಳಿಗೆ ಮಾತ್ರ ದಿನಾ ಪಾಠ ಹೇಳುತ್ತಿದ್ದ: "ಬಣ್ಣ ನೋಡಬೇಡಿ ಸ್ವಾಮಿ, ಹತ್ತಿ ಒಂದು ಸುತ್ತು ಹೋಗಿ ಬನ್ನಿ." ಅಣ್ಣನ ಸೈಕಲ್ಲನ್ನು ಈ ಪುಣ್ಯಾತ್ಮ ಒಂದು ದಿನವೂ ಹತ್ತಿ ನೋಡಿರಲಿಲ್ಲ.

ಈಗ ಗಾಳಿ ತುಂಬಿ ಹತ್ತಿದ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ಮುಂದಿನ ಚಕ್ರ ಹಿಡಿದಿರುವ ಫೋರ್ಕು ನೆಟ್ಟಗೆ, ಚಕ್ರಗಳು ಹತ್ತಿರ ಹತ್ತಿರ. ಸಣ್ಣ ಕಲ್ಲು ಸಿಕ್ಕರೂ ಪೆಟ್ಟು ನೇರ ಸೊಂಟಕ್ಕೆ. ಹಿಡಿತ ಸ್ವಲ್ಪ ಸಡಿಲ ಬಿಟ್ಟರೆ ಹ್ಯಾಂಡಲ್ ಅಡ್ಡಕ್ಕೆ ತಿರುಗುತ್ತಿತ್ತು. ಏನೋ ಸವೆದಿರಬೇಕೆಂದು ಇಳಿದು ತಡಕಿದ. ಏನೂ ಸವೆದಿರಲಿಲ್ಲ, ಅಣ್ಣ ಚೆನ್ನಾಗಿಯೇ ಇಟ್ಟುಕೊಂಡಿದ್ದ. ಆ ಸೈಕಲ್ಲಿನ ಹುಟ್ಟುಗುಣವೇ ಅದು.

ವಾಪಸು ಬಂದು ತನ್ನ ಹಳೆಯದನ್ನು ಹತ್ತಿ ಅದೇ ಬೀದಿಯಲ್ಲಿ ಹೊರಟ. ಮುಂದಕ್ಕೆ ಬಾಗಿದ ಉದ್ದನೆಯ ಫೋರ್ಕು ಗುಂಡಿಗಳನ್ನೆಲ್ಲ ತಾನೇ ನುಂಗಿಕೊಂಡಿತು. ತಿರುವಿನಲ್ಲಿ ನಿಧಾನ, ಅದು ನಿಜ. ಆದರೆ ಕೈ ಬಿಟ್ಟರೂ ನೆಟ್ಟಗೆ ಹೋಯಿತು. ಮೂವತ್ತು ವರ್ಷ ಸುಖವಾಗಿ ಕೂತು ಓಡಾಡಿದ್ದ, ಅದು ಸುಖ ಅಂತ ಇವತ್ತು ಗೊತ್ತಾಯಿತು. ಅಂಗಡಿಗೆ ಮರಳಿದಾಗ ಅತ್ತಿಗೆ ಇನ್ನೂ ಬಾಗಿಲಲ್ಲೇ ಇದ್ದರು.

"ಅತ್ತಿಗೆ, ಇದನ್ನ ಅಣ್ಣ ಹೇಗೆ ಓಡಿಸ್ತಿದ್ದ?"

"ಬೈಕೊಂಡು ಓಡಿಸ್ತಿದ್ರು. ಮನೆಗೆ ಬಂದ ತಕ್ಷಣ ಸೊಂಟಕ್ಕೆ ಬಿಸಿನೀರು."

"ಒಳ್ಳೇದು ನನ್ನ ಹತ್ರ ಇದೆ ಅಂತ ಅವನಿಗೆ ಗೊತ್ತಿತ್ತಾ?"

"ಗೊತ್ತಿದ್ದೇ ಅಲ್ವಾ ಕೊಟ್ಟಿದ್ದು. ಹಂಚೋ ಮುಂಚೆ ಎರಡನ್ನೂ ಓಡಿಸಿ ನೋಡಿದ್ರು."

"ಒಂದು ಮಾತು ಹೇಳಬಾರದಿತ್ತಾ?"

"ನಾನೂ ಅದನ್ನೇ ಕೇಳ್ತಿದ್ದೆ," ಎಂದರು ಅತ್ತಿಗೆ. "'ಹೇಳಿದ್ರೆ ಆ ಹಳೇದನ್ನ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ, ಈ ಹೊಸದನ್ನ ಎಳ್ಕೊಂಡು ಹೋಗ್ತಾನೆ ಕಣೇ. ನನ್ನ ಹತ್ರ ಮಾತಾಡದಿದ್ರೆ ಬೇಡ, ಹಾಯಾಗಿ ಓಡಾಡ್ಕೊಂಡಿರ್ಲಿ' ಅಂತಿದ್ರು."