ದೇವರ ಕೋಣೆಯ ಬಾಗಿಲು

ಮಧ್ಯಾಹ್ನ ಮೂರೂವರೆಗೆ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆಯ ಫೈನಲ್‌ನಲ್ಲಿ ಸರ್ಕಾರದ ಪರ ವಾದಿಸುತ್ತಿದ್ದ ಕಾನೂನು ವಿದ್ಯಾರ್ಥಿನಿ ಶರ್ವಾಣಿಯ ಮಾತು ನಿಂತುಹೋಯಿತು. ಗೆದ್ದವರಿಗೆ ಬ್ಯಾರಿಸ್ಟರ್ ಒಬ್ಬರ ಬಳಿ ತರಬೇತಿ ಸಿಗುವುದಿತ್ತು.

“ಪೊಲೀಸರು ಒಳಹೋಗುವಂತಿಲ್ಲದ ರಾಯಭಾರ ಕಚೇರಿಯಲ್ಲಿ ಅಡಗಿದ ಆರೋಪಿ ಹೊರಗೆ ಕಾಲಿಟ್ಟರೆ ಅವರು ಹಿಡಿಯುತ್ತಾರೆ. ಹೀಗೆ ಅವನು ಒಳಗೇ ಉಳಿಯಬೇಕಾಗಿರುವುದು ಅಕ್ರಮ ಬಂಧನವಲ್ಲವೇ?” ನ್ಯಾಯಾಧೀಶೆ ಮತ್ತೆ ಕೇಳಿದರು.

“ಮನೇಲಿ ಅಡುಗೆ ರೋಟಾಗೆ, ಇವತ್ತು ಯಾರ ಪಾಳಿ ಅಂತ, ನನ್ ಜೊತೆ ಜಗಳ ಆಡೋ ಬಾಯಿ ಎಲ್ಲೋಯ್ತೇ?” ಅವಳ ತಂಡದ ಜೊತೆಗಾರ, ಮನೆಯನ್ನೂ ಹಂಚಿಕೊಂಡಿದ್ದ ದರ್ಶನ್ ಪಿಸುಗುಟ್ಟಿದ.

ಶರ್ವಾಣಿ ಮುಂದಿದ್ದ ಕಾನೂನು ಪುಸ್ತಕ ಮುಚ್ಚಿದಳು. “ಚಿಕ್ಕವಳಿದ್ದಾಗ ಟಿವಿ ಒಡೆದು ದೇವರ ಕೋಣೆ ಹೊಕ್ಕಿದ್ದೆ. ಸ್ನಾನ ಮಾಡದ ಅಪ್ಪ ಒಳಗೆ ಬರುವಂತಿರಲಿಲ್ಲ, ಹೊರಗೇ ಕಾದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ನನ್ನನ್ನು ಒಳಗೆ ಕೂರಿಸಿದ್ದು ಅಪ್ಪನಲ್ಲ, ನ್ಯಾಯವಾಗಿ ಬೀಳಬೇಕಿದ್ದ ಏಟಿನ ಭಯ. ಅದನ್ನು ಬಂಧನ ಎನ್ನಲಾಗದು.”

ನ್ಯಾಯಾಧೀಶೆ ಜೋರಾಗಿ ನಕ್ಕರು. ನಾಲ್ಕು ಗಂಟೆಗೆ ತೀರ್ಪು ಸರ್ಕಾರದ ಪರ ಬಂತು.